ಎಂಟನೇ ಕಲ್ಲು

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಆದರೂ ಊರಿಗೆಲ್ಲ ಹೊತ್ತು ಅಳೆದುಕೊಡುತ್ತಿದ್ದದ್ದು ನಮ್ಮ ಮನೆಯೇ. ಅಪ್ಪ ನೀರುಗಂಟಿ. ಮಹದೇವಪುರದ ಆಚೆ, ಈಗ ಪ್ರತಿ ಮಳೆಗಾಲ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗೆ ನೀರು ನುಗ್ಗಿ ಕಾರುಗಳು ತೇಲುತ್ತವಲ್ಲ, ಅಲ್ಲಿ ನಮ್ಮೂರ ಕೆರೆ ಇತ್ತು. ಪೇಪರಿನಲ್ಲಿ ಆ ಫೋಟೋ ಬಂದಾಗಲೆಲ್ಲ ನನಗೆ ಸ್ವಲ್ಪ ಕೆಟ್ಟ ಸಂತೋಷವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಕೆರೆಯ ತೂಬು ಎತ್ತುವುದು, ಕಾಲುವೆಗೆ ಬಿಟ್ಟ ನೀರನ್ನು ಸರದಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೆ ತಿರುಗಿಸುವುದು ಅಪ್ಪನ ಕೆಲಸ. ಊರಿನ ಅಷ್ಟೂ ಗದ್ದೆಗೆ ನೀರು ಹಂಚುವ ಅಪ್ಪನಿಗೆ ಊರ ಬಾವಿಯಲ್ಲಿ ಒಂದು ಕೊಡ ನೀರು ಸೇದುವ ಹಾಗಿರಲಿಲ್ಲ. ನಮ್ಮ ಕೇರಿಯವರು ಹಳ್ಳದಲ್ಲಿ ಚಿಲುಮೆ ತೋಡಿಕೊಂಡು ಕುಡಿಯುತ್ತಿದ್ದೆವು. ಹಾಗಿದ್ದೂ ಊರಿನ ಗೌಡರು, ಶಾನುಭೋಗರು ನೀರಿನ ವಿಷಯ ಬಂದರೆ ಮಾತ್ರ 'ಮುನ್ಶಾಮಿ ಹೇಳ್ದ ಅಂದ್ರೆ ಮುಗೀತು' ಅನ್ನುತ್ತಿದ್ದರು. ಅಪ್ಪನಿಗೆ ಸ್ವಂತ ಹೊಲ ಇರಲಿಲ್ಲ, ದನ ಇರಲಿಲ್ಲ, ಊರೊಳಗೆ ಹೋಗಿ ಕೂರಲು ಜಗಲಿ ಇರಲಿಲ್ಲ. ಆ ಒಂದು ಮಾತು ಇತ್ತು.

ಕೆರೆಯ ಏರಿಯ ಮೇಲೆ ತೂಬಿನ ಪಕ್ಕ ಒಂದು ಜಾಲಿಕೋಲು ನೆಟ್ಟಿತ್ತು. ಅದರ ಸುತ್ತ ಅರ್ಧ ಚಂದ್ರಾಕಾರವಾಗಿ ಒಂಬತ್ತು ಕಲ್ಲು. ಬೆಳಿಗ್ಗೆ ತೂಬು ಎತ್ತಿದ ಮೇಲೆ ಕೋಲಿನ ನೆರಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುವಷ್ಟು ಹೊತ್ತು ಒಬ್ಬರ ಗದ್ದೆಗೆ ನೀರು. ನೆರಳು ಕಲ್ಲು ಮುಟ್ಟಿದ ಕೂಡಲೇ ಕಾಲುವೆಯ ಬಾಯಿಗೆ ಮಣ್ಣು ಹಾಕಿ ಮುಂದಿನವರ ಬಾಯಿ ತೆಗೆಯಬೇಕು. ಅಪ್ಪ ಗುದ್ದಲಿ ಹಿಡಿದು ಕೆಳಗೆ ಗದ್ದೆಯಲ್ಲಿರುತ್ತಿದ್ದ. ನೆರಳು ನೋಡುತ್ತ ಏರಿಯ ಮೇಲೆ ಕೂರುವುದು ಹತ್ತು ವರ್ಷದ ನನ್ನ ಕೆಲಸ. ನೆರಳು ಮುಟ್ಟಿದಾಗ "ಹೊರಳ್ತೂ!" ಎಂದು ಕೂಗಬೇಕು. ನನ್ನ ಗಂಟಲು ಗದ್ದೆಯ ಕೊನೆಯವರೆಗೂ ಕೇಳುತ್ತಿತ್ತು. ದೊಡ್ಡವಳಾದ ಮೇಲೆ ಹಳೇ ಮದ್ರಾಸ್ ರಸ್ತೆಯ ಸರ್ಕಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ತಪಾಸಣೆ ಮಾಡುವ ಕೆಲಸಕ್ಕೆ ಸೇರಿದಾಗ, ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮಾಲನ್ನು ವಾಪಸ್ಸು ಕಳಿಸುತ್ತೇನೆಂದು ಗಂಡಸರೆಲ್ಲ ನನ್ನನ್ನು ಬೈಯುತ್ತಿದ್ದರು. ಅವರಿಗೆ ನನ್ನ ಏರಿಯ ಕಥೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಅದನ್ನು ಯಾರಿಗೂ ಹೇಳಿಲ್ಲ, ಒಬ್ಬರಿಗೆ ಬಿಟ್ಟು.

ಒಂಬತ್ತನೇ ಕಲ್ಲು ನಮ್ಮದು. ನೀರುಗಂಟಿಯ ಚಾಕರಿಗೆಂದು ಹಿರಿಯರ ಕಾಲದಲ್ಲಿ ಬಿಟ್ಟುಕೊಟ್ಟಿದ್ದ ಅರ್ಧ ಎಕರೆ ತುಂಡು, ಅಚ್ಚುಕಟ್ಟಿನ ತುದಿಯಲ್ಲಿತ್ತು. ಹಂಚುವವನು ಕೊನೆಗೆ ಉಣ್ಣಬೇಕು ಎಂಬುದು ಪದ್ಧತಿ. ಅಲ್ಲಿ ಒಂದಿಷ್ಟು ಹುಲ್ಲು ಬಿಟ್ಟು ಏನೂ ಬೆಳೆಯುವುದಿಲ್ಲವೆಂದು ಯಾವುದೋ ಕಾಲದಲ್ಲಿ ಎಂಟನೇ ಕಲ್ಲಿಗೂ ಒಂಬತ್ತನೆಯದಕ್ಕೂ ನಡುವೆ ನಾಲ್ಕು ಬೆರಳಷ್ಟೇ ಜಾಗ ಬಿಟ್ಟಿದ್ದರು. ಎಂಟನೇ ಕಲ್ಲು ನಮ್ಮ ಮೇಲಿನ ಗದ್ದೆಯ ಅಕ್ಕಯಮ್ಮನದು. ಅಕ್ಕಯಮ್ಮ ಊರೊಳಗಿನವಳು, ಗಂಡ ಇಲ್ಲ, ಮಕ್ಕಳಿಲ್ಲ. ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ಬುಟ್ಟಿ ಹೊತ್ತು ಟಿನ್ ಫ್ಯಾಕ್ಟರಿ ಸ್ಟಾಪಿನವರೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ ಹಲಸೂರಿನ ಬೀದಿಗಳಲ್ಲಿ ಮಾರಿ ಬರುತ್ತಿದ್ದಳು. ಬರುವಾಗ ಉಳಿದ ಸೊಪ್ಪನ್ನು ನನ್ನ ಲಂಗದ ಮಡಿಲಿಗೆ ಮೇಲಿನಿಂದ ಬೀಳಿಸುತ್ತಿದ್ದಳು. ಮುಟ್ಟಿ ಕೊಡುತ್ತಿರಲಿಲ್ಲ. ಆದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಅದು ಊಟಕ್ಕೆ ಕಷ್ಟದ ಕಾಲ. ರೇಷನ್ ಅಂಗಡಿಯಲ್ಲಿ ಅಮೆರಿಕದ ಗೋಧಿ ಕೊಡುತ್ತಿದ್ದರು. ರಾಗಿ ತಿಂದು ಬೆಳೆದ ನಮಗೆ ಆ ಗೋಧಿಯನ್ನು ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಅಮ್ಮ ಅದನ್ನು ಬೀಸಿ ಮುದ್ದೆ ಮಾಡಲು ಹೋಗಿ, ಅದು ಅಂಟಿನ ಹಾಗೆ ಕೋಲಿಗೆ ಮೆತ್ತಿಕೊಂಡು, ಕೋಪದಲ್ಲಿ ಮಡಕೆಯನ್ನೇ ಒದ್ದಿದ್ದಳು. ಆಮೇಲೆ ಅದನ್ನೇ ಕೆರೆದು ನಮಗೆ ಬಡಿಸಿದಳು. ಹಿಂದಿನ ವರ್ಷ ನನ್ನ ತಂಗಿ ಭೇದಿ ಹತ್ತಿ ಮೂರು ದಿನದಲ್ಲಿ ಹೋಗಿದ್ದಳು. ತಮ್ಮನಿಗೆ ಎರಡು ವರ್ಷ, ಹೊಟ್ಟೆ ಮಾತ್ರ ದಪ್ಪ, ಕೈಕಾಲು ಕಡ್ಡಿ. ಅಮ್ಮ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಮಾತು ಹೇಳುತ್ತಿದ್ದಳು, ಯಾರಿಗೆ ಅಂತಲ್ಲ, ಗೋಡೆಗೆ:

"ಇದೊಂದನ್ನ ಮಣ್ಣಿಗೆ ಹಾಕಲ್ಲ. ಈ ವರ್ಷ ಮನೇಲಿ ಕಾಳು ಇರ್ಬೇಕು. ಅಷ್ಟೆ."

ವೆಂಕೋಬರಾಯರು ಬಂದದ್ದು ಆಗ. ಅವರು ಗ್ರಾಮಸೇವಕರು, ರೈತರಿಗೆ ಹೊಸ ಬೇಸಾಯ ಕಲಿಸುವ ಸರ್ಕಾರದ ಕೆಲಸ. ಹಲಸೂರಿನಲ್ಲಿ ಬಾಡಿಗೆ ಮನೆ, ಅಲ್ಲಿಂದ ನಮ್ಮೂರಿಗೆ ಸೈಕಲ್ಲು. ಹ್ಯಾಂಡಲಿಗೆ ನೀರಿನ ಫ್ಲಾಸ್ಕು ನೇತುಹಾಕಿಕೊಂಡಿರುತ್ತಿದ್ದರು, ನಮ್ಮ ಮನೆಯ ನೀರು ಕುಡಿಯಬಾರದಲ್ಲ. ಒಳ್ಳೆಯ ಮನುಷ್ಯ. ಗಿಡ್ಡ ತಳಿಯ ಹೊಸ ಗೋಧಿ ಬಂದಿದೆ, ನಮ್ಮ ಕಡೆಯ ಚಳಿಗೂ ಬರುತ್ತದೆ, ಒಂದು ತಾಕು ಬೆಳೆದು ತೋರಿಸಬೇಕು ಎಂದು ಊರೆಲ್ಲ ಸುತ್ತಿದರು. ಊರಿನವರು ನಕ್ಕರು. ರಾಗಿ ಬಿಟ್ಟು ಗೋಧಿಯಂತೆ! ಯಾರೂ ನೆಲ ಕೊಡದಿದ್ದಾಗ ಕೇರಿಗೆ ಬಂದು ನಮ್ಮ ಬಾಗಿಲ ಮುಂದೆ ಸೈಕಲ್ಲು ನಿಲ್ಲಿಸಿದರು. ಅಪ್ಪನಿಗಿಂತ ಮೊದಲು ಅಮ್ಮ ಒಪ್ಪಿಕೊಂಡಳು.

ಅವರು ಹೇಳಿಕೊಟ್ಟದ್ದೆಲ್ಲ ಅಪ್ಪ ಅಂದುಕೊಂಡದ್ದಕ್ಕೆ ತಿರುಗುಮುರುಗು. ಅಪ್ಪ ಬೀಜ ಆಳಕ್ಕೆ ಬಿದ್ದಷ್ಟೂ ಒಳ್ಳೆಯದು ಎಂದ. ಅವರು ಎರಡೇ ಅಂಗುಲ, ಗಿಡ್ಡ ತಳಿಯ ಮೊಳಕೆಗೆ ಆಳದಿಂದ ಏಳುವ ಶಕ್ತಿ ಇಲ್ಲ ಎಂದರು. ಅಪ್ಪ ಕೈಯಲ್ಲಿ ಎರಚುತ್ತೇನೆ ಎಂದ. ಅವರು ಹಗ್ಗ ಕಟ್ಟಿ ಸಾಲು ಹಿಡಿಸಿದರು, ಸಾಲಿನ ನಡುವೆ ಕಳೆ ತೆಗೆಯಲು ಜಾಗ ಬಿಡಿಸಿದರು. ಗೊಬ್ಬರವನ್ನು ಒಟ್ಟಿಗೆ ಸುರಿಯದೆ ಅರ್ಧ ಈಗ, ಅರ್ಧ ಆಮೇಲೆ ಎಂದರು. ಅಪ್ಪ ತಲೆ ಕೆರೆದುಕೊಂಡೇ ಎಲ್ಲ ಮಾಡಿದ. ಕೊನೆಗೆ ರಾಯರು ನನ್ನನ್ನು ಕರೆದು ಸುಣ್ಣದ ಕಡ್ಡಿ ಕೊಟ್ಟು, ಅಡುಗೆ ಕೋಣೆಯ ಗೋಡೆಯ ಮೇಲೆ ದಿನಕ್ಕೊಂದು ಗೀಟು ಎಳೆಯಲು ಹೇಳಿದರು.

"ನೋಡು ಚಂದ್ರಿ, ಇಪ್ಪತ್ತೊಂದನೇ ದಿನಕ್ಕೆ ಈ ಪೈರಿಗೆ ಎರಡನೇ ಬೇರು ಬರುತ್ತೆ, ನೆಲದ ಮೇಲ್ಪದರದಲ್ಲೇ. ಅವತ್ತು ಭೂಮಿ ನೆನೆದಿರ್ಬೇಕು. ನೆನೆದ್ರೆ ಒಂದು ಬುಡಕ್ಕೆ ಆರೇಳು ತೆಂಡೆ, ತೆಂಡೆಗೊಂದು ತೆನೆ. ಒಣಗಿದ್ರೆ ಆಮೇಲೆ ಕೆರೇನೇ ತಂದು ಸುರಿದ್ರೂ ಬರೋದು ಒಂದೇ ತೆನೆ. ಬೇರೆ ಏನು ಮರೆತ್ರೂ ಇದು ಮರೀಬೇಡಿ."

ಆ ವರ್ಷ ಕೆರೆಯಲ್ಲಿ ನೀರು ಕಡಿಮೆ. ಊರ ಹಿರಿಯರು ವಾರಕ್ಕೊಂದು ಸಲ, ಸೋಮವಾರ ಮಾತ್ರ ತೂಬು ಎತ್ತುವುದೆಂದು ತೀರ್ಮಾನಿಸಿದ್ದರು. ರಾಯರು ಎಣಿಸಿ ನೋಡಿಯೇ ಸೋಮವಾರ ಬಿತ್ತಿಸಿದ್ದರು, ಇಪ್ಪತ್ತೊಂದು ದಿನ ಕಳೆದರೆ ಮತ್ತೆ ಸೋಮವಾರ. ಅವರು ಎಣಿಸದೇ ಇದ್ದದ್ದು ನಮ್ಮ ನಾಲ್ಕು ಬೆರಳಿನ ನೆರಳನ್ನು. ಆ ಹೊತ್ತಿನಲ್ಲಿ ಹರಿಯುವ ನೀರು ಅರ್ಧ ಎಕರೆಯ ಬದುವನ್ನೂ ನೆನೆಸುತ್ತಿರಲಿಲ್ಲ. ಮೊದಲೆರಡು ಸೋಮವಾರ ಅದು ಕಣ್ಣಿಗೇ ಕಂಡಿತು. ಮೂರನೆಯದರ ಹಿಂದಿನ ದಿನ ಮಧ್ಯಾಹ್ನ, ಊಟಕ್ಕೆ ಕೂತಾಗ, ಅಮ್ಮ ಜಗಳ ತೆಗೆದಳು.

"ನಾಳೆ ಗೌಡರನ್ನ ಕೇಳು, ನಮ್ಗೂ ಒಂದು ಸರದಿ ಪೂರ್ತಿ ಕೊಡ್ಲಿ ಅಂತ."

"ಕೆರೇಲಿ ನೀರಿಲ್ಲ. ನಂಗೆ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಕೇಳ್ಬೇಡ ಹೋಗ್ಲಿ. ತೂಬು ನಿನ್ನ ಕೈಲೇ ಐತೆ. ಸ್ವಲ್ಪ ಹೊತ್ತು ತಡವಾಗಿ ಮುಚ್ಚು."

"ನೀರು ನನ್ದಲ್ಲ ಕಣೆ. ನಾನು ಹಂಚೋನು."

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಹೋದೋಳ ಗುಣಿ ಮೇಲೆ ಇನ್ನೂ ಹುಲ್ಲು ಸರಿಯಾಗಿ ಬಂದಿಲ್ಲ. ಇವನನ್ನೂ ಕಳ್ಸಿ ಆಮೇಲೆ ನ್ಯಾಯ ಹಂಚ್ಕೊಂಡು ಕೂತ್ಕೋ."

ಅಪ್ಪ ಅರ್ಧ ಊಟದಲ್ಲಿ ಕೈ ತೊಳೆದು ಎದ್ದುಹೋದ. ಅಮ್ಮ ಅವನ ತಟ್ಟೆಯಲ್ಲಿ ಉಳಿದದ್ದನ್ನು ತಮ್ಮನ ಬಾಯಿಗೆ ಇಡುತ್ತ, ನನ್ನ ಕಡೆ ನೋಡದೆ ಹೇಳಿದಳು: "ಆ ಎಂಟನೇ ಕಲ್ಲು ಒಂದು ಗೇಣು ಆಚೆಗೆ ಇದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು." ಅವಳು ನನಗೆ ಹೇಳಿದಳೋ ಸುಮ್ಮನೆ ಹೊಟ್ಟೆಯುರಿಗೆ ಅಂದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಕ್ಕಳು ಕೇಳಿಸಿಕೊಳ್ಳುವ ಮನೆಯಲ್ಲಿ ಗೋಡೆಗೆ ಮಾತಾಡುವುದು ಅಪಾಯ.

ಸೋಮವಾರ ಅಪ್ಪ ತೂಬು ಎತ್ತಿ ಕೆಳಗಿಳಿದ. ಏರಿಯ ಮೇಲೆ ನಾನೊಬ್ಬಳೇ. ಮಧ್ಯಾಹ್ನ ನೆರಳು ಐದನೇ ಕಲ್ಲಿನ ಹತ್ತಿರ ಇದ್ದಾಗ ನಾನು ಎದ್ದು ಎಂಟನೇ ಕಲ್ಲನ್ನು ಎರಡು ಕೈಯಿಂದ ಹಿಡಿದು ಏಳನೇ ಕಲ್ಲಿನ ಕಡೆಗೆ ಎಳೆದೆ. ಅದು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ನೆಲದಲ್ಲಿ ಕಚ್ಚಿಕೊಂಡಿತ್ತು. ಅಡಿಯಲ್ಲಿ ಕೆಂಜಿಗದ ಗೂಡು. ಅಂಗೈ ತುಂಬ ಕಚ್ಚಿದವು. ಕೂಗಲಿಲ್ಲ. ಕಲ್ಲು ಕೂರಿಸಿ, ಕೈಯನ್ನು ಕೆರೆಯ ನೀರಿನಲ್ಲಿ ಅದ್ದಿ, ಮತ್ತೆ ನನ್ನ ಜಾಗದಲ್ಲಿ ಕೂತೆ. ನೆರಳು ಏಳಕ್ಕೆ ಬಂದಾಗ ಕೂಗಿದೆ. ಹೊಸ ಜಾಗದ ಎಂಟಕ್ಕೆ ಬಂದಾಗಲೂ ಅಷ್ಟೇ ಗಟ್ಟಿಯಾಗಿ "ಹೊರಳ್ತೂ!" ಎಂದೆ. ಕೆಳಗೆ ಅಕ್ಕಯಮ್ಮ ತನ್ನ ಸೊಪ್ಪಿನ ಮಡಿಗಳ ನಡುವೆ ನಿಂತು ಏರಿಯ ಕಡೆಗೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಅಪ್ಪ ಅವಳ ಬಾಯಿಗೆ ಮಣ್ಣು ಹಾಕಿ ನಮ್ಮ ಬಾಯಿ ತೆಗೆದ. ಅವನಿಗೆ ನನ್ನ ಗಂಟಲಿನ ಮೇಲೆ ಅಷ್ಟು ನಂಬಿಕೆ. ಸಾಯಂಕಾಲ ನಮ್ಮ ಗೋಧಿಯ ಸಾಲುಗಳಲ್ಲೆಲ್ಲ ನೀರು ನಿಂತಿತ್ತು. ಅಪ್ಪ ಮನೆಗೆ ಬಂದು, "ನೋಡ್ದಾ? ನ್ಯಾಯವಾಗಿ ಇದ್ರೆ ನಾಲ್ಕು ಬೆರಳಲ್ಲೇ ದೇವ್ರು ಕೊಡ್ತಾನೆ. ಚಳಿಗಾಲ ಬಂತಲ್ಲ, ನೆರಳು ನಮ್ಕಡೆ ನಿಧಾನ ಆಗೈತೆ" ಎಂದು ಅಮ್ಮನಿಗೆ ಹೇಳಿದ. ಮದುವೆ ಮನೆಯಲ್ಲಿ ಉಂಡು ಬಂದವನ ಮುಖ. ಅಮ್ಮ ನನ್ನ ಊದಿದ ಅಂಗೈ ಹಿಡಿದು ಸುಣ್ಣ ಹಚ್ಚಿದಳು. ಏನಾಯಿತೆಂದು ಕೇಳಲಿಲ್ಲ.

ಮುಂದಿನ ವಾರ ಕಲ್ಲನ್ನು ವಾಪಸ್ಸು ಇಡಬೇಕೆಂದು ನಿಜವಾಗಿ ಅಂದುಕೊಂಡಿದ್ದೆ. ಆದರೆ ಪೈರು ರಾಯರು ಹೇಳಿದ ಹಾಗೇ ತೆಂಡೆ ಒಡೆಯಿತು. ಆಮೇಲೆ ಹೂ ಬರುವಾಗ ನೀರು ಬೇಕು ಎಂದರು, ಹಾಲು ತುಂಬುವಾಗ ಬೇಕು ಎಂದರು. ಕಲ್ಲು ಅಲ್ಲೇ ಉಳಿಯಿತು. ಕಳ್ಳತನದಲ್ಲಿ ಕಷ್ಟವಾಗುವುದು ಮೊದಲನೇ ದಿನ ಮಾತ್ರ. ಆಮೇಲೆ ಅದು ತಾನಾಗಿ ನಡೆಯುತ್ತದೆ. ಅಕ್ಕಯಮ್ಮನ ಕೆಳಗಿನ ಮಡಿಗಳು ಮೊದಲು ಹಳದಿಯಾದವು, ಆಮೇಲೆ ಬಿಳಿ. ಬುಟ್ಟಿ ಚಿಕ್ಕದಾಯಿತು. ಒಂದು ದಿನ ಅವಳು ಟಿನ್ ಫ್ಯಾಕ್ಟರಿಯ ದಾರಿ ಹಿಡಿಯುವುದನ್ನೇ ಬಿಟ್ಟಳು. ನನ್ನ ಮಡಿಲಿಗೆ ಸೊಪ್ಪು ಬೀಳುವುದು ನಿಂತಿತು. ನಾನು ಅವಳ ಮನೆಯ ಮುಂದಿನ ದಾರಿ ಬಿಟ್ಟು ಸುತ್ತುಬಳಸಿ ಹೋಗಲು ಶುರುಮಾಡಿದೆ.

ಶಿವರಾತ್ರಿಯ ಹೊತ್ತಿಗೆ ಗೋಧಿ ಕೊಯ್ಲಿಗೆ ಬಂತು. ಅಂಥ ಬೆಳೆಯನ್ನು ನಮ್ಮೂರು ನೋಡಿರಲಿಲ್ಲ. ಮೊಣಕಾಲೆತ್ತರದ ಸ್ವಲ್ಪ ಮೇಲೆ, ಒಂದೇ ಸಮ, ಗಾಳಿಗೆ ಮಲಗದ ಪೈರು. ಕೊಯ್ಲಿನ ಕೊನೆಯ ದಿನ ಜೀಪಿನಲ್ಲಿ ನಾಲ್ಕು ಜನ ಅಧಿಕಾರಿಗಳು ಬಂದು, ಉಳಿಸಿದ್ದ ಪೈರಿನಲ್ಲಿ ಹಗ್ಗ ಹಿಡಿದು ಚೌಕ ಅಳೆದು ಕೊಯ್ಯಿಸಿ ತೂಗಿದರು. ನಕ್ಕಿದ್ದ ಊರವರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ರಾಯರು ಅಪ್ಪನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಇದರ ಗುಟ್ಟು ಬೇರೇನಲ್ಲ, ಇಪ್ಪತ್ತೊಂದನೇ ದಿನದ ನೀರು, ಕೈ ಕೆಸರಾದರೆ ಬಾಯಿ ಮೊಸರು ಎಂದು ಭಾಷಣ ಮಾಡಿದರು. ಅಪ್ಪ ಹಾರ ಹಾಕಿಸಿಕೊಳ್ಳಲು ತಲೆ ಎಷ್ಟು ಬಗ್ಗಿಸಬೇಕೆಂದು ತಿಳಿಯದೆ ಪೂರ್ತಿ ಬಗ್ಗಿದ್ದ.

ಅವತ್ತು ಕೊಯ್ಲಿನ ಕೂಲಿಗೆ ಅಕ್ಕಯಮ್ಮ ಬಂದಳು. ಊರೊಳಗಿನ ಹೆಂಗಸು ನಮ್ಮ ಕೇರಿಯವರ ಗದ್ದೆಗೆ ಕೂಲಿ ಬರುವುದೆಂದರೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅಪ್ಪನಿಗೆ ಮುಖ ಎತ್ತಲಾಗಲಿಲ್ಲ. ಅಧಿಕಾರಿಗಳು ಹೋದ ಮೇಲೆ ಕುಡುಗೋಲು ಕೆಳಗಿಟ್ಟು ಸೊಂಟ ಹಿಡಿದುಕೊಂಡು ನಿಂತ ಅವಳನ್ನು ಕೇಳಿದ:

"ಯಾಕವ್ವಾ, ನಿನ್ನ ಮಡಿ ಯಾಕೆ ಹಿಂಗಾಯ್ತು?"

"ನೀರು ಸಾಲ್ಲಿಲ್ಲ ಕಣಪ್ಪ. ಕೆಳಗಿನ ನಾಲ್ಕು ಮಡಿಗೆ ಬರೋಷ್ಟ್ರಲ್ಲಿ ನಿನ್ನ ಮಗಳು ಕೂಗ್ಬಿಡೋಳು. ನಿನ್ನ ಕೋಲಿನ ಮೇಲೆ ನಂಗೇನು ಅನುಮಾನ ಇಲ್ಲ. ಸೂರ್ಯನೇ ಈ ವರ್ಷ ಬೇಗ ಓಡ್ತಾವನೆ."

ಅಪ್ಪ ಕೊರಳಿನ ಹಾರ ತೆಗೆದು ಬದುವಿನ ಮೇಲಿಟ್ಟು ಏರಿ ಹತ್ತಿದ. ನಾನು ದೂರದಿಂದ ನೋಡುತ್ತಿದ್ದೆ. ಎಂಟನೇ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹಳೆಯ ಜಾಗದಲ್ಲಿ ಹುಲ್ಲಿಲ್ಲದ ಗುಳಿ ಇನ್ನೂ ಹಾಗೇ ಇತ್ತು. ಅವನು ಗುಳಿಯಿಂದ ಕಲ್ಲಿಗೆ ಗೇಣು ಹಾಕಿ ಅಳೆದ. ಮತ್ತೊಮ್ಮೆ ಅಳೆದ. 

ಮನೆಯಲ್ಲಿ ಅಮ್ಮ ಹೊಸ ಗೋಧಿಯ ನುಚ್ಚಿಗೆ ಬೆಲ್ಲ ಹಾಕಿ ಪಾಯಸ ಮಾಡಿದ್ದಳು. ಒಲೆಯ ಪಕ್ಕ ತಮ್ಮ ತಟ್ಟೆ ಬಡಿಯುತ್ತಿದ್ದ. ಗೋಡೆಗೆ ಒರಗಿಸಿ, ಹಿಂದಿನ ದಿನಗಳಲ್ಲಿ ಕೊಯ್ದು ಬಡಿದ ಐದು ಮೂಟೆ. ಅಪ್ಪ ಕಾಲು ತೊಳೆಯದೆ ಒಳಗೆ ಬಂದು ನಿಂತ.

"ಎಂಟನೇ ಕಲ್ಲು ಯಾರು ಜರುಗ್ಸಿದ್ದು?"

ನನ್ನ ಬಾಯಲ್ಲಿ ಪಾಯಸ ಇತ್ತು. ಅದನ್ನು ನುಂಗುವ ಮೊದಲೇ ಅಮ್ಮ, ಸೌಟು ಕೈಯಲ್ಲಿ ಹಿಡಿದೇ, "ನಾನೇ" ಎಂದಳು.

ಅಪ್ಪ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನಾನು ಪಾಯಸ ನುಂಗಿದೆ. ಸಿಹಿಯಾಗಿತ್ತು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುವುದು ಅದಕ್ಕೇ.

ಮಾರನೆಯ ಬೆಳಿಗ್ಗೆ ಅಪ್ಪ ಜಾಲಿಕೋಲನ್ನು ಕಿತ್ತು ತಂದು ಊರ ಅರಳಿಕಟ್ಟೆಯ ಮುಂದೆ ನೆಲದ ಮೇಲಿಟ್ಟ. ನಮ್ಮ ಮನೆಯಿಂದ ತಪ್ಪಾಗಿದೆ, ಇನ್ನು ನಾನು ನೀರು ಮುಟ್ಟುವುದಿಲ್ಲ ಎಂದ. ಹಿಂದಿನ ದಿನ ಹಾರಕ್ಕೆ ಚಪ್ಪಾಳೆ ತಟ್ಟಿದವರಲ್ಲೇ ಒಬ್ಬರು "ಬೇಲಿನೇ ಎದ್ದು ಹೊಲ ಮೇಯ್ತಲ್ಲಪ್ಪ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಐದೂ ಮೂಟೆಯನ್ನು ಅಪ್ಪ ಒಂದೊಂದಾಗಿ ಹೊತ್ತು ಅಕ್ಕಯಮ್ಮನ ಬಾಗಿಲಿಗೆ ಹಾಕಿದ. ಅಮ್ಮ ಹೊಸ್ತಿಲಲ್ಲಿ ಕೂತು ತಮ್ಮನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು, ಅವನು ಮೂಟೆಗಳನ್ನು ನೋಡದಿರಲಿ ಎಂಬ ಹಾಗೆ. ಸಾಯಂಕಾಲ ಅಕ್ಕಯಮ್ಮ ಒಂದು ಮೂಟೆಯನ್ನು ಗಾಡಿಯಲ್ಲಿ ಹಾಕಿಸಿ ವಾಪಸ್ಸು ತಂದಳು. ಕೇರಿಗೆ ಅವಳು ಬಂದದ್ದು ಅದೇ ಮೊದಲು. ನಮ್ಮ ಬಾಗಿಲಿಗೆ ದೂರ ನಿಂತು, "ಮಗೂಗೆ ಹಾಕು ತಾಯಿ. ಮಗು ಏನು ತಪ್ಪು ಮಾಡೈತೆ" ಎಂದಳು. ಅವಳು ಹೇಳಿದ್ದು ತಮ್ಮನನ್ನು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಒಂದು ಮೂಟೆಯಿಂದ ತಮ್ಮ ಉಳಿದ.

ಮುಂದಿನ ವರ್ಷ ರಾಯರು ಮತ್ತೆ ಬೀಜ ತಂದರು. ಅಪ್ಪ ಆಗ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದ. ಕೈ ಮುಗಿದು ಹೇಳಿದ:

"ನೀವು ಹೇಳ್ಕೊಟ್ಟಿದ್ದೆಲ್ಲ ನಿಜ ಸ್ವಾಮಿ, ಒಂದೂ ಸುಳ್ಳಾಗ್ಲಿಲ್ಲ. ನೀರು ಯಾವಾಗ ಬಿಡ್ಬೇಕು ಅಂತ ಹೇಳಿದ್ರಿ. ಯಾರ ನೀರು ಅಂತ ನೀವು ಕೇಳ್ಲಿಲ್ಲ, ನಾನೂ ನೋಡ್ಲಿಲ್ಲ."

ರಾಯರು ಸೈಕಲ್ಲು ತಳ್ಳಿಕೊಂಡು ಹೋದರು.

ಅಂದಿನಿಂದ ಅಪ್ಪ ಅಮ್ಮನ ಕೈಯಿಂದ ಬಡಿಸಿಕೊಳ್ಳಲಿಲ್ಲ. ಜಗಳವಿಲ್ಲ, ಮಾತು ಬಿಟ್ಟದ್ದೂ ಅಲ್ಲ. ಉಪ್ಪು ಮುಗೀತು, ಹುಡುಗನಿಗೆ ಜ್ವರ, ಇಂಥದ್ದೆಲ್ಲ ನಡೆಯುತ್ತಿತ್ತು. ಊಟಕ್ಕೆ ಮಾತ್ರ ತಾನೇ ಎದ್ದು ಮಡಕೆಯಿಂದ ಹಾಕಿಕೊಂಡು, ಮಡಕೆಯನ್ನು ಮುಚ್ಚಿ, ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದ. ಆ ಗೋಡೆಯ ಮೇಲೆ ನನ್ನ ಇಪ್ಪತ್ತೊಂದು ಗೀಟುಗಳು ಹಾಗೇ ಇದ್ದವು. ಅಮ್ಮ ಪಕ್ಕದಲ್ಲಿ ಕೈಕಟ್ಟಿ ಕೂತಿರುತ್ತಿದ್ದಳು. ನಾನು ಅವರಿಬ್ಬರ ನಡುವೆ. ಮೊದಲ ದಿನಗಳಲ್ಲಿ ಹೆದರಿಕೆಯಿಂದ ಹೇಳಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಹೆದರಿ ಹೇಳಲಿಲ್ಲ. ಎಂಟು ವರ್ಷ ಹೀಗೇ ಹೋಯಿತು. ಅಪ್ಪ ಇಟ್ಟಿಗೆಯ ಧೂಳು ಕೆಮ್ಮಿ ಕೆಮ್ಮಿ ಒಂದು ಬೆಳಿಗ್ಗೆ ತೀರಿಕೊಂಡ. ಕೊನೆಯ ವಾರ ಏಳಲಾರದೆ ಮಲಗಿದ್ದಾಗಲೂ ಗಂಜಿಯನ್ನು ನನ್ನ ಕೈಯಿಂದಲೇ ಕುಡಿದ.

ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ರಾಮಮೂರ್ತಿ ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಆಗಿನ್ನೂ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿದ್ದ ಕಾಲ. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಬಾಗಿಲ ಬಿಸಿಲಿನಲ್ಲಿ ಕೂತು ರೇಷನ್ ಗೋಧಿಯನ್ನು ಮೊರದಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಹೇಗೆ ಬಂತೋ ಗೊತ್ತಿಲ್ಲ, ಬಂತು.

"ಅಮ್ಮ, ಆ ಎಂಟನೇ ಕಲ್ಲು ಜರುಗ್ಸಿದ್ದು ನಾನು."

ಅಮ್ಮ ಮೊರದಿಂದ ಕಣ್ಣೆತ್ತಲಿಲ್ಲ.

"ಗೊತ್ತು. ನಿನ್ನ ಕೈಗೆ ಸುಣ್ಣ ಹಚ್ಚಿದೋಳು ನಾನೇ ಅಲ್ವಾ."

"ಮತ್ತೆ ಯಾಕಮ್ಮ ನಾನೇ ಅಂದೆ?"

"ಅವತ್ತು ಅವನ ಮುಖ ನೋಡಿ ಹೆದರ್ಕೊಂಡೆ, ನಿನ್ನ ಎಲ್ಲಿ ಹೊಡೆದು ಹಾಕ್ತಾನೋ ಅಂತ. ಎರಡು ದಿನ ಕಳೀಲಿ, ಕೋಪ ಇಳೀಲಿ, ಆಮೇಲೆ ನೀನೇ ಹೋಗಿ ಹೇಳ್ತೀಯ ಅಂದ್ಕೊಂಡೆ. ಮಗು ಮಾಡಿದ್ದು ಅಂದಿದ್ರೆ ಬಿಟ್ಬಿಡೋನು ಕಣೆ ನಿಮ್ಮಪ್ಪ. ಮಗೂಗೆ ಏನು ಗೊತ್ತು ಅನ್ನೋನು." ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ಅವನು ತಾನೇ ಹಾಕ್ಕೊಂಡು ಉಣ್ಣೋಕೆ ಕೂತಾಗೆಲ್ಲ ನಿನ್ನ ಮುಖಾನೇ ನೋಡ್ತಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ."

ಅವಳ ಎದುರಿಗೆ ಕೂತು, ಮೊರದ ಈ ಬದಿಯಿಂದ ನಾನೂ ಕಲ್ಲು ಆರಿಸಲು ಕೈ ಚಾಚಿದೆ. ಅಮ್ಮ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.